ತಲೆಗೆ ಸಾವಿರ ಡಾಲರ್: ಕಾಸ್ಟ್ನರ್ ರೈಲು ಮತ್ತು ಉಳಿಸಿದವನ ಮೇಲಿನ ಆರೋಪ

ತಲೆಗೆ ಸಾವಿರ ಡಾಲರ್. 1944ರ ಜೂನ್‌ನಲ್ಲಿ ಬುಡಾಪೆಸ್ಟ್‌ನಿಂದ ಹೊರಡಲಿದ್ದ ಒಂದು ರೈಲಿಗೆ ಗೊತ್ತಾದ ದರ ಅದು. ಚೌಕಾಸಿಗೆ ಕೂತವರು ಒಂದು ಕಡೆ ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಅಧಿಕಾರಿಗಳು, ಇನ್ನೊಂದು ಕಡೆ ರೆಜೋ ಕಾಸ್ಟ್ನರ್ ಎಂಬ ಮೂವತ್ತೆಂಟರ ಯಹೂದಿ ವಕೀಲ. ಸುಮಾರು ನೂರೈವತ್ತು ಜಾಗಗಳನ್ನು ಸಿರಿವಂತರಿಗೆ ಹೆಚ್ಚಿನ ಹಣಕ್ಕೆ ಮಾರಿ, ಕೈಯಲ್ಲಿ ಕಾಸಿಲ್ಲದವರ ಪಾಲನ್ನು ಅದರಿಂದ ತುಂಬಿಸಲಾಯಿತು. ನೋಟು, ಚಿನ್ನ, ವಜ್ರ, ಷೇರುಪತ್ರಗಳಿದ್ದ ಸೂಟ್‌ಕೇಸ್‌ಗಳು ಎಸ್‌ಎಸ್ ಕೈ ಸೇರಿದವು. ಜೂನ್ 30ರಂದು 1,684 ಯಹೂದಿಗಳನ್ನು ಹೊತ್ತು ರೈಲು ಹೊರಟಿತು. ಅವರಲ್ಲಿ ಬಹುತೇಕ ಎಲ್ಲರೂ ಬದುಕಿ ಸ್ವಿಟ್ಜರ್ಲೆಂಡ್ ಸೇರಿದರು.

ಹದಿಮೂರು ವರ್ಷಗಳ ನಂತರ, 1957ರ ಮಾರ್ಚ್ 3ರ ರಾತ್ರಿ, ಟೆಲ್ ಅವಿವ್‌ನ ತಮ್ಮ ಮನೆಯೆದುರು ಕಾಸ್ಟ್ನರ್ ಗುಂಡೇಟಿಗೆ ಗುರಿಯಾದರು. ಹನ್ನೆರಡು ದಿನ ಸಾವಿನೊಡನೆ ಸೆಣಸಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಗುಂಡು ಹೊಡೆದದ್ದು ಯಹೂದಿಗಳೇ. ಅವರ ಕಣ್ಣಿಗೆ ಕಾಸ್ಟ್ನರ್ ತನ್ನ ಜನರನ್ನು ನಾಜಿಗಳಿಗೆ ಒಪ್ಪಿಸಿದ ದ್ರೋಹಿ.

ಹಿಟ್ಲರನ ಕಾಲದ ಯಹೂದಿ ನರಮೇಧದಲ್ಲಿ ಜೀವ ಉಳಿಸಿದವರ ಕಥೆಗಳು ನಮ್ಮವರೆಗೆ ಬರುವಾಗ ಸಾಮಾನ್ಯವಾಗಿ ಸೋಸಿಕೊಂಡು ಬರುತ್ತವೆ. ಒಬ್ಬ ಧೀರ, ಒಂದು ಉಪಾಯ, ಬದುಕಿ ಬಂದ ಇಷ್ಟು ಜನ. ಕಾಸ್ಟ್ನರ್ ಕಥೆಯನ್ನು ಹಾಗೆ ಸೋಸಲು ಆಗುವುದಿಲ್ಲ. ಅವರು ವೀರರೋ ದ್ರೋಹಿಯೋ ಎಂಬ ಪ್ರಶ್ನೆಯೇ ಓದುಗನನ್ನು ತಪ್ಪು ದಾರಿಗೆ ಎಳೆಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದರೊಳಗೆ ಬೇರೆಬೇರೆ ಪ್ರಶ್ನೆಗಳು ಸಿಕ್ಕುಬಿದ್ದಿವೆ. ಒಂದರ ಉತ್ತರವನ್ನು ಇನ್ನೊಂದಕ್ಕೂ ಹಚ್ಚಿದ್ದರಿಂದಲೇ ಈ ವ್ಯಾಜ್ಯ ಅಷ್ಟು ಕಾಲ ಉರಿಯಿತು. ಸಿಕ್ಕು ಬಿಡಿಸುವ ಮೊದಲು ಆ ಎರಡು ತಿಂಗಳುಗಳ ವೇಗ ಗೊತ್ತಿರಬೇಕು.

1944ರ ಮಾರ್ಚ್ 19ರಂದು ಜರ್ಮನ್ ಸೇನೆ ಹಂಗೇರಿಯನ್ನು ವಶಪಡಿಸಿಕೊಂಡಿತು. ಅಲ್ಲಿಯವರೆಗೆ ಹಂಗೇರಿ ಜರ್ಮನಿಯ ಮಿತ್ರರಾಷ್ಟ್ರವಾಗಿತ್ತು. ಯಹೂದಿಗಳ ಮೇಲೆ ಕಠೋರ ಕಾನೂನುಗಳಿದ್ದವು, ಗಂಡಸರನ್ನು ಕಡ್ಡಾಯ ದುಡಿಮೆಯ ತುಕಡಿಗಳಿಗೆ ಎಳೆದೊಯ್ಯಲಾಗುತ್ತಿತ್ತು. ಆದರೂ ಪೋಲೆಂಡಿನ ಯಹೂದಿ ಸಮಾಜ ಬಹುಪಾಲು ಬೂದಿಯಾದ ಮೇಲೂ ಹಂಗೇರಿಯ ಏಳೂವರೆ ಲಕ್ಷದಷ್ಟು ಯಹೂದಿಗಳು ಉಳಿದುಕೊಂಡಿದ್ದರು. ಜರ್ಮನ್ ಸೇನೆಯ ಹಿಂದೆಯೇ, ಯಹೂದಿಗಳ ಸಾಗಣೆಯ ಹೊಣೆ ಹೊತ್ತ ಎಸ್‌ಎಸ್ ಅಧಿಕಾರಿ ಅಡಾಲ್ಫ್ ಐಕ್‌ಮನ್ ಬಂದ. ಅವನ ಜೊತೆ ಇದ್ದ ಜರ್ಮನ್ನರು ಇನ್ನೂರರ ಒಳಗೆ. ಉಳಿದ ಕೆಲಸವನ್ನೆಲ್ಲ ಮಾಡಿಕೊಟ್ಟವರು ಹಂಗೇರಿಯ ಅಧಿಕಾರಿಗಳು ಮತ್ತು ಗ್ರಾಮೀಣ ಪೊಲೀಸರು. ಯಹೂದಿಗಳು ಬಟ್ಟೆಯ ಮೇಲೆ ಧರಿಸಲೇಬೇಕಾದ ಹಳದಿ ನಕ್ಷತ್ರ, ಅವರನ್ನು ಕೂಡಿಹಾಕುವ ಊರೂರಿನ ಗೆಟ್ಟೊ, ಗೂಡ್ಸ್ ರೈಲು, ಎಲ್ಲವೂ ಕೆಲವೇ ವಾರಗಳಲ್ಲಿ ಸಿದ್ಧವಾದವು. ಮೇ 15ರಿಂದ ಜುಲೈ 9ರವರೆಗಿನ 56 ದಿನಗಳಲ್ಲಿ ಸುಮಾರು 4,37,000 ಜನರನ್ನು ಸಾಗಿಸಲಾಯಿತು. ಹೆಚ್ಚುಕಡಿಮೆ ಎಲ್ಲರೂ ಹೋದದ್ದು ಪೋಲೆಂಡಿನಲ್ಲಿ ನಾಜಿಗಳು ನಡೆಸುತ್ತಿದ್ದ ಸಾವಿನ ಶಿಬಿರ ಆಶ್ವಿಟ್ಸ್‌ಗೆ. ಅಲ್ಲಿ ಇಳಿದವರಲ್ಲಿ ಹೆಚ್ಚಿನವರನ್ನು ಅದೇ ದಿನ ವಿಷಾನಿಲದ ಕೋಣೆಗೆ ಕಳಿಸಲಾಯಿತು.

ಕಾಸ್ಟ್ನರ್ ಬುಡಾಪೆಸ್ಟ್‌ನಲ್ಲಿ ಜಯೋನಿಸ್ಟರ, ಅಂದರೆ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ಸ್ವಂತ ನಾಡು ಬೇಕೆನ್ನುವವರ, ಒಂದು ಸಣ್ಣ ನೆರವು ಸಮಿತಿಯಲ್ಲಿದ್ದರು. ಯೋಯೆಲ್ ಬ್ರಾಂಡ್, ಅವರ ಪತ್ನಿ ಹಾನ್ಸಿ ಬ್ರಾಂಡ್, ಒಟ್ಟೋ ಕೊಮೊಯ್ ಅದರ ಇತರ ಪ್ರಮುಖರು. ಪೋಲೆಂಡ್ ಮತ್ತು ಸ್ಲೊವಾಕಿಯಾದಿಂದ ಜೀವ ಉಳಿಸಿಕೊಂಡು ಓಡಿಬಂದವರಿಗೆ ಗುಟ್ಟಾಗಿ ಆಸರೆ ಕೊಡುವುದು ಸಮಿತಿಯ ಕೆಲಸವಾಗಿತ್ತು. ಬಂದೂಕು ಇರಲಿಲ್ಲ, ಸೈನ್ಯ ಇರಲಿಲ್ಲ, ಬೆನ್ನಿಗೆ ಯಾವ ಸರ್ಕಾರವೂ ಇರಲಿಲ್ಲ. ಸ್ಲೊವಾಕಿಯಾದಲ್ಲಿ ಎಸ್‌ಎಸ್ ಅಧಿಕಾರಿಗಳಿಗೆ ಲಂಚ ಕೊಟ್ಟ ಮೇಲೆ ಸಾಗಣೆ ನಿಂತಿತ್ತು. ಲಂಚದಿಂದಲೇ ನಿಂತಿತು ಎಂದು ಅಲ್ಲಿನ ಯಹೂದಿ ಮುಖಂಡರು ನಂಬಿದ್ದರು. ಆ ನಂಬಿಕೆಯೊಂದೇ ಬುಡಾಪೆಸ್ಟ್ ಸಮಿತಿಯ ಕೈಯಲ್ಲಿದ್ದ ಬಂಡವಾಳ.

ಐಕ್‌ಮನ್ ಅವರ ಮುಂದೆ ಇಟ್ಟ ಪ್ರಸ್ತಾವ ವಿಚಿತ್ರವಾಗಿತ್ತು. ಹತ್ತು ಲಕ್ಷ ಯಹೂದಿಗಳನ್ನು ಬಿಡುತ್ತೇವೆ, ಹತ್ತು ಸಾವಿರ ಲಾರಿ ಕೊಡಿಸಿ. ಲಾರಿಗಳನ್ನು ಸೋವಿಯತ್ ವಿರುದ್ಧದ ರಣರಂಗದಲ್ಲಿ ಮಾತ್ರ ಬಳಸುವುದಾಗಿ ಮಾತು ಕೊಟ್ಟರು. ಈ ಸುದ್ದಿ ಹೊತ್ತು ಯೋಯೆಲ್ ಬ್ರಾಂಡ್ ಮೇ 17ರಂದು ಇಸ್ತಾಂಬುಲ್‌ಗೆ ಹೊರಟರು. ಬ್ರಿಟಿಷರು ಅವರನ್ನು ಸಿರಿಯಾದಲ್ಲಿ ಹಿಡಿದು ಕೈರೋದಲ್ಲಿ ಕೂಡಿಹಾಕಿದರು. ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಮಿತ್ರರಾಷ್ಟ್ರಗಳು ಅಂಥ ವ್ಯಾಪಾರಕ್ಕೆ ಇಳಿಯುವ ಸಾಧ್ಯತೆ ಮೊದಲೇ ಇರಲಿಲ್ಲ. ಇತ್ತ ಕಾಸ್ಟ್ನರ್ ಮತ್ತು ಹಾನ್ಸಿ ಬ್ರಾಂಡ್, ಲಾರಿ ಇನ್ನೇನು ಬರುತ್ತದೆ ಎನ್ನುವ ನಾಟಕವನ್ನು ದಿನದಿನವೂ ಐಕ್‌ಮನ್ ಎದುರು ನಡೆಸಬೇಕಾಯಿತು. ಆ ನಾಟಕದ ನಡುವೆ ಅವರಿಗೆ ದಕ್ಕಿದ್ದೇ ಈ ರೈಲು. ನಿಮ್ಮ ಮಾತಿನ ಸಾಚಾತನಕ್ಕೆ ಒಂದು ಗುರುತು ತೋರಿಸಿ, ಒಂದು ರೈಲನ್ನಾದರೂ ಬಿಡಿ ಎಂದು ಕೇಳಿ ಪಡೆದದ್ದು.

ರೈಲು ಸಿಕ್ಕಿದ ಕೂಡಲೇ ಪಟ್ಟಿ ಮಾಡಬೇಕಾಯಿತು. ಹೆಸರು ಬರೆಯುವ ಪ್ರತಿ ಗೆರೆಯೂ ಇನ್ನೊಬ್ಬನನ್ನು ಹೊರಗಿಡುವ ಗೆರೆ. ಸಮಿತಿ ಸಾಧ್ಯವಾದಷ್ಟು ಎಲ್ಲ ಬಗೆಯವರನ್ನೂ ಸೇರಿಸಲು ನೋಡಿತು: ಸಂಪ್ರದಾಯಸ್ಥರು, ಸುಧಾರಣಾವಾದಿಗಳು, ಜಯೋನಿಸ್ಟರು, ಅನಾಥ ಮಕ್ಕಳು, ಪೋಲೆಂಡಿನ ನಿರಾಶ್ರಿತರು, ವಿದ್ವಾಂಸರು. ಮನೋವೈದ್ಯ ಲಿಪೋಟ್ ಸೊಂಡಿ ಆ ರೈಲಿನಲ್ಲಿದ್ದರು, ಲೇಖಕ ಬೇಲಾ ಜೋಲ್ಟ್ ಇದ್ದರು. ಎಸ್‌ಎಸ್ ಅಧಿಕಾರಿ ಕುರ್ಟ್ ಬೆಖರ್ ತಾನೇ ಖಾಸಗಿಯಾಗಿ ಹಣ ಪಡೆದಿದ್ದ ಸುಮಾರು ಐವತ್ತು ಜನರನ್ನು ತುರುಕಿದ. ಜೊತೆಗೆ ಕಾಸ್ಟ್ನರ್ ಅವರ ಹುಟ್ಟೂರು ಕೊಲೊಜ್‌ವಾರ್‌ನ ಗೆಟ್ಟೊದಿಂದ 388 ಜನ ಬಂದರು. ಕಾಸ್ಟ್ನರ್ ಅವರ ತಾಯಿ, ಹೆಂಡತಿಯ ಮನೆಯವರು, ಆ ಊರಿನ ಯಹೂದಿ ಮಂಡಳಿಯ ಮುಖ್ಯಸ್ಥರಾಗಿದ್ದ ಮಾವ ಯೋಝೆಫ್ ಫಿಶರ್ ಎಲ್ಲರೂ ಅದರಲ್ಲಿ ಇದ್ದರು.

ತನ್ನವರನ್ನೇ ಹತ್ತಿಸಿದ ಎನ್ನುವುದು ಮೊದಲ ಆರೋಪ. ನನಗೆ ಅದು ಎಲ್ಲಕ್ಕಿಂತ ಹಗುರವಾದ ಆರೋಪವಾಗಿ ಕಾಣುತ್ತದೆ. ಎಸ್‌ಎಸ್ ಹೊರಡಿಸುವ ರೈಲು ಆಶ್ವಿಟ್ಸ್‌ಗೆ ಹೋಗುವುದಿಲ್ಲ ಎಂದು ಯಾರು ಯಾಕಾದರೂ ನಂಬಬೇಕಿತ್ತು? ತನ್ನ ತಾಯಿಯನ್ನೇ ಹತ್ತಿಸಿದ್ದರಿಂದ ಉಳಿದವರಿಗೆ ಧೈರ್ಯ ಬಂತು ಎಂಬುದು ಕಾಸ್ಟ್ನರ್ ಪರವಾದ ವಾದ. ಆ ಭಯ ನಿಜವಾಗಿತ್ತು ಎಂಬುದಕ್ಕೆ ರೈಲಿನಲ್ಲೇ ನಡೆದ ಒಂದು ಪ್ರಸಂಗವಿದೆ. ಗಡಿಯ ಸಮೀಪ ರೈಲು ದಿನಗಟ್ಟಲೆ ನಿಂತಾಗ, ಮುಂದಿನ ನಿಲ್ದಾಣ ಆಸ್ಪಿಟ್ಸ್ ಎಂಬ ಊರು ಎಂದು ಸುದ್ದಿ ಹಬ್ಬಿತು. ಜನರ ಕಿವಿಗೆ ಬಿದ್ದದ್ದು ಆಶ್ವಿಟ್ಸ್. ಡಬ್ಬಿಯಿಂದ ಡಬ್ಬಿಗೆ ಕಂಗಾಲು ಹರಡಿತು. ನಮ್ಮನ್ನು ಉಳಿಸಿ ಎಂದು ಬುಡಾಪೆಸ್ಟ್‌ಗೆ ಹೇಳಿಕಳಿಸಿದರು. ಒಂದು ಊರಿನ ಹೆಸರಿನ ಎರಡು ಅಕ್ಷರ ಹೆಚ್ಚುಕಡಿಮೆಯಾದರೆ ಎದೆ ಒಡೆಯುವಷ್ಟು ಭಯವನ್ನು ಹೊತ್ತುಕೊಂಡೇ ಅವರು ಹತ್ತಿದ್ದರು.

ಎರಡನೆಯ ಆರೋಪದ ಭಾರ ಬೇರೆ. ಇದೇ ಪ್ರಸಂಗ ಅದಕ್ಕೆ ಬಾಗಿಲು ತೆರೆಯುತ್ತದೆ. ಆ ರೈಲಿನಲ್ಲಿದ್ದ ಹಲವರಿಗೆ ಆಶ್ವಿಟ್ಸ್ ಎಂದರೆ ಏನೆಂದು ಗೊತ್ತಿತ್ತು. ಕೊಲೊಜ್‌ವಾರ್‌ನಿಂದ ಬೇರೆ ರೈಲುಗಳನ್ನು ಹತ್ತಿದವರಿಗೆ ಗೊತ್ತಿತ್ತೇ?

1944ರ ಏಪ್ರಿಲ್‌ನಲ್ಲಿ ರುಡಾಲ್ಫ್ ವರ್ಬಾ ಮತ್ತು ಆಲ್ಫ್ರೆಡ್ ವೆಟ್ಸ್ಲರ್ ಎಂಬ ಇಬ್ಬರು ತರುಣರು ಆಶ್ವಿಟ್ಸ್‌ನಿಂದ ತಪ್ಪಿಸಿಕೊಂಡು ಸ್ಲೊವಾಕಿಯಾ ಸೇರಿದರು. ಅಲ್ಲಿ ಕೊಲ್ಲುವ ವ್ಯವಸ್ಥೆ ಹೇಗಿದೆ ಎಂಬುದನ್ನು ನಕ್ಷೆ ಸಮೇತ ಬರೆಸಿದರು. ಆ ತಿಂಗಳ ಕೊನೆಯ ಹೊತ್ತಿಗೆ ಆ ವರದಿ ಕಾಸ್ಟ್ನರ್ ಕೈಗೆ ಬಂತು. ಮೇ ತಿಂಗಳ ಮೊದಲಲ್ಲಿ ಅವರು ಕೊಲೊಜ್‌ವಾರ್‌ಗೆ ಹೋಗಿ ಮಾವನನ್ನೂ ಇತರ ಮುಖಂಡರನ್ನೂ ಕಂಡರು. ಆ ಊರಿನ ಸುಮಾರು 18,000 ಯಹೂದಿಗಳನ್ನು ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಕೂಡಿಹಾಕಲಾಯಿತು. ಹಸಿ ಇಟ್ಟಿಗೆ ಒಣಗಿಸುವ ಚಪ್ಪರಗಳು, ಮೇಲೆ ಸೂರು, ಸುತ್ತ ಗೋಡೆಯಿಲ್ಲ. ಅಲ್ಲಿ ಒಂದು ವದಂತಿ ಹಬ್ಬಿತ್ತು: ನಮ್ಮನ್ನು ಹಂಗೇರಿಯ ಒಳಗೇ ಇರುವ ಕೆನ್ಯೇರ್ಮೆಜೋ ಎಂಬಲ್ಲಿಗೆ ಕೂಲಿ ಕೆಲಸಕ್ಕೆ ಒಯ್ಯುತ್ತಾರೆ, ಸಂಸಾರಗಳನ್ನು ಒಟ್ಟಿಗೇ ಇಡುತ್ತಾರೆ. ಮೇ 25ರಿಂದ ಜೂನ್ 9ರವರೆಗೆ ಆರು ರೈಲುಗಳು ಹೊರಟವು. ಮುಂಚಿತವಾಗಿ ಹೋದರೆ ಒಳ್ಳೆಯ ಜಾಗ ಸಿಗಬಹುದು ಎಂಬ ಆಸೆಯಲ್ಲಿ ಮೊದಲ ರೈಲಿಗೇ ನೂಕಾಡಿದವರಿದ್ದರು. ರೊಮೇನಿಯಾದ ಗಡಿ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು.

ಬದುಕಿ ಬಂದ ಕೊಲೊಜ್‌ವಾರ್‌ನವರ ಕೇಳ್ವಿ ಇಷ್ಟೇ. ನಿನಗೆ ಗೊತ್ತಿತ್ತು, ನಮಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾವು ಓಡುತ್ತಿದ್ದೆವು, ಇಲ್ಲವೇ ಹೊಡೆದಾಡಿ ಸಾಯುತ್ತಿದ್ದೆವು, ಇಲ್ಲವೇ ಮಗುವನ್ನಾದರೂ ಯಾರದಾದರೂ ಮನೆಯಲ್ಲಿ ಬಿಡುತ್ತಿದ್ದೆವು.

ಈ ಮಾತು 1954ರ ಜನವರಿಯಲ್ಲಿ ಜೆರುಸಲೇಮಿನ ಜಿಲ್ಲಾ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಕೇಳಿಬಂತು. ಮೊಕದ್ದಮೆ ಶುರುವಾದದ್ದು ತಲೆಕೆಳಗಾಗಿ. ಕಾಸ್ಟ್ನರ್ ಆಗ ಇಸ್ರೇಲಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ವಕ್ತಾರರು. ಮಲ್ಕಿಯೆಲ್ ಗ್ರೂನ್‌ವಾಲ್ಡ್ ಎಂಬ ವೃದ್ಧರು ತಾವೇ ಅಚ್ಚುಹಾಕಿ ಹಂಚುತ್ತಿದ್ದ ಕರಪತ್ರದಲ್ಲಿ ಅವರನ್ನು ನಾಜಿಗಳ ಸಹಾಯಕ ಎಂದು ಬರೆದರು. ಸರ್ಕಾರವೇ ಮಾನನಷ್ಟದ ಮೊಕದ್ದಮೆ ಹೂಡಿತು. ಗ್ರೂನ್‌ವಾಲ್ಡ್ ಪರ ವಕೀಲ ಶ್ಮುಯೆಲ್ ತಮಿರ್ ಪಾಟೀಸವಾಲಿಗೆ ನಿಂತ ಮೇಲೆ, ದೂರುದಾರನ ಪರ ಸಾಕ್ಷಿಯಾಗಿ ಬಂದ ಕಾಸ್ಟ್ನರ್ ಆರೋಪಿಯ ಕಟಕಟೆಯಲ್ಲಿ ನಿಂತಂತಾಯಿತು. 1955ರ ಜೂನ್ 22ರಂದು ನ್ಯಾಯಾಧೀಶ ಬೆಂಜಮಿನ್ ಹಲೇವಿ ತೀರ್ಪು ಓದಿದರು. ಕಾಸ್ಟ್ನರ್ ತನ್ನ ಆತ್ಮವನ್ನು ಸೈತಾನನಿಗೆ ಮಾರಿಕೊಂಡ ಎಂಬ ಮಾತು ಅದರಲ್ಲಿತ್ತು. ಆ ತೀರ್ಪಿನ ಬಿಸಿಗೆ ಪ್ರಧಾನಿ ಮೋಶೆ ಶರೆಟ್ ಅವರ ಸರ್ಕಾರವೇ ಬಿತ್ತು.

ಹಲೇವಿ ಅವರ ತರ್ಕ ಒಂದು ಕರಾರಿನ ತರ್ಕ. ಐಕ್‌ಮನ್ 388 ಜನರನ್ನು ಕೊಟ್ಟ. ಪ್ರತಿಯಾಗಿ ಹದಿನೆಂಟು ಸಾವಿರ ಜನ ಗಲಾಟೆ ಮಾಡದೆ ರೈಲು ಹತ್ತಿದರು. ಮೌನವೇ ಬೆಲೆ. ತರ್ಕ ಚೊಕ್ಕವಾಗಿದೆ. ನನಗೆ ಅನುಮಾನ ಬರುವುದೂ ಆ ಚೊಕ್ಕತನದ ಬಗ್ಗೆಯೇ. ಕರಾರು ಎಂದರೆ ಎರಡೂ ಕಡೆಗೆ ಒಲ್ಲೆ ಎನ್ನುವ ಅವಕಾಶ ಇರಬೇಕು. ಕುತ್ತಿಗೆಯ ಮೇಲೆ ಕಾಲಿಟ್ಟವನೊಡನೆ ಆಡಿದ ಮಾತನ್ನು ಕರಾರು ಎಂದು ಓದುವುದು ಹೇಗೆ?

ಸುಪ್ರೀಂ ಕೋರ್ಟಿನ ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಶಿಮೋನ್ ಅಗ್ರನಾತ್ ಹಿಡಿದದ್ದು ಈ ಎಳೆಯನ್ನೇ. ಮನುಷ್ಯನ ನಡತೆಯನ್ನು ಅಳೆಯಬೇಕಾದದ್ದು ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು, ಏನನ್ನು ನಂಬಿದ್ದ ಎಂಬುದರಿಂದ. ಆಮೇಲೆ ನಮಗೆ ಗೊತ್ತಾದದ್ದರಿಂದ ಅಳೆಯಕೂಡದು ಎಂದರು. ಮಾತುಕತೆ ಮುಂದುವರಿದರೆ ಹೆಚ್ಚು ಜನ ಉಳಿಯುತ್ತಾರೆ ಎಂದು ಕಾಸ್ಟ್ನರ್ ಪ್ರಾಮಾಣಿಕವಾಗಿ ನಂಬಿದ್ದರು, ಹಾಗೆ ನಂಬಲು ಕಾರಣಗಳೂ ಇದ್ದವು ಎಂಬುದು ಅವರ ನಿಲುವು. ಗೆಟ್ಟೊದಲ್ಲಿ ಉಳಿದಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು. ವಯಸ್ಸಿನ ಗಂಡಸರು ದುಡಿಮೆಯ ತುಕಡಿಗಳಲ್ಲಿದ್ದರು. ಎಚ್ಚರಿಸಿದರೂ ಎಷ್ಟು ಜನ ತಪ್ಪಿಸಿಕೊಳ್ಳುತ್ತಿದ್ದರು? ಜಯೋನಿಸ್ಟ್ ತರುಣರು ಕೆಲವು ಊರುಗಳಿಗೆ ಹೋಗಿ ಹೇಳಿದಾಗ ಜನ ನಂಬಲಿಲ್ಲ ಎಂಬುದೂ ನಿಜ. ಕೊಲ್ಲಲೆಂದೇ ಕಟ್ಟಿದ ಕಾರ್ಖಾನೆಯೊಂದು ಇದೆ ಎಂಬುದನ್ನು ಕೇಳುವುದು ಬೇರೆ, ನಂಬಿ ಮಗುವಿನ ಕೈ ಹಿಡಿದು ರಾತ್ರೋರಾತ್ರಿ ಓಡುವುದು ಬೇರೆ. 1958ರ ಜನವರಿಯಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ಮುಖ್ಯ ಆರೋಪದಿಂದ ಕಾಸ್ಟ್ನರ್ ಅವರನ್ನು ಬಿಡಿಸಿದರು. ಅಷ್ಟರಲ್ಲಿ ಅವರು ಸತ್ತು ಹತ್ತು ತಿಂಗಳಾಗಿತ್ತು.

ಒಪ್ಪದ ಒಬ್ಬರು ಮೋಶೆ ಸಿಲ್ಬರ್ಗ್. ಅವರ ವಾದವನ್ನು ನಾನು ತಳ್ಳಿಹಾಕಲಾರೆ. ಎಷ್ಟು ಜನ ಉಳಿಯುತ್ತಿದ್ದರು ಎಂದು ಲೆಕ್ಕ ಹಾಕಿ, ಉಳಿಯುವ ಸಂಭವ ಕಡಿಮೆ ಎಂದು ತೀರ್ಮಾನಿಸಿ, ಸಾವಿರಾರು ಜನರಿಗೆ ಅವರದೇ ಸಾವಿನ ಸುದ್ದಿಯನ್ನು ಮುಚ್ಚಿಡುವ ಹಕ್ಕು ಒಬ್ಬ ಮನುಷ್ಯನಿಗೆ ಎಲ್ಲಿಂದ ಬಂತು ಎಂಬುದು ಅದರ ಸಾರ. ನೂರಕ್ಕೆ ಒಬ್ಬ ಓಡಿದ್ದರೂ ಕೊಲೊಜ್‌ವಾರ್‌ನಲ್ಲಿ 180 ಜನ. ಆ ಓಟವನ್ನು ಆಯ್ದುಕೊಳ್ಳಬೇಕಾದವರು ಅವರೇ ಆಗಿದ್ದರು. ಕಾಸ್ಟ್ನರ್ ದ್ರೋಹ ಬಗೆದರು ಎಂದು ನಾನು ಒಪ್ಪುವುದಿಲ್ಲ. ಆದರೆ ಉಳಿಸುವವನು ತನಗೇ ತಿಳಿಯದಂತೆ ಎಲ್ಲರ ಪರವಾಗಿಯೂ ತೀರ್ಮಾನಿಸುವ ಯಜಮಾನನಾಗಿಬಿಡುತ್ತಾನೆ. ಅಂಥದ್ದೊಂದು ಜಾರುವಿಕೆ ಇಲ್ಲಿ ಆಗಿದೆ.

ಪ್ರಶ್ನೆ ಯಹೂದಿಗಳಿಗೆ ಹೊಸದಾಗಿರಲಿಲ್ಲ. ನಿಮ್ಮಲ್ಲೊಬ್ಬನನ್ನು ಕೊಲ್ಲಲು ಕೊಡಿ, ಇಲ್ಲದಿದ್ದರೆ ಎಲ್ಲರನ್ನೂ ಕೊಲ್ಲುತ್ತೇವೆ ಎಂದು ಶತ್ರು ಕೇಳಿದರೆ ಎಲ್ಲರೂ ಸತ್ತರೂ ಸರಿ, ಒಬ್ಬನನ್ನೂ ಒಪ್ಪಿಸಕೂಡದು ಎಂದು ಅವರ ಪ್ರಾಚೀನ ಧರ್ಮಶಾಸ್ತ್ರ ಹೇಳುತ್ತದೆ. ಹನ್ನೆರಡನೆಯ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಲಿಥುವೇನಿಯಾದ ಎರಡು ನಗರಗಳಲ್ಲಿ, ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ, ಇದೇ ಶಾಸ್ತ್ರವನ್ನು ಓದಿದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, 1941ರ ಶರತ್ಕಾಲದಲ್ಲಿ ಬೇರೆಬೇರೆ ಉತ್ತರ ಕೊಟ್ಟರು. ವಿಲ್ನಾದಲ್ಲಿ ಗೆಟ್ಟೊದ ಯಹೂದಿ ಪೊಲೀಸರ ಮುಖ್ಯಸ್ಥ ಯಾಕೋಬ್ ಗೆನ್ಸ್ ಕೆಲವರನ್ನು ಬಿಟ್ಟುಕೊಟ್ಟು ಉಳಿದವರನ್ನು ಕಾಯುವ ದಾರಿ ಹಿಡಿದಾಗ, ರಬ್ಬಿಗಳು ಮೈಮೊನಿಡೀಸರ ಮಾತು ತೋರಿಸಿ ತಡೆದರು. ಅವನು ಕೇಳಲಿಲ್ಲ. ಕೊನೆಗೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊ ಅವನನ್ನೂ ಕೊಂದಿತು. ಕೊವ್ನೋದಲ್ಲಿ, ಎಲ್ಲರೂ ಚೌಕದಲ್ಲಿ ಸೇರಬೇಕೆಂಬ ನಾಜಿ ಆಜ್ಞೆಯನ್ನು ಜನರಿಗೆ ತಿಳಿಸಬೇಕೇ ಬೇಡವೇ ಎಂದು ಅಲ್ಲಿನ ಯಹೂದಿ ಮಂಡಳಿಯವರು ವೃದ್ಧ ರಬ್ಬಿ ಅವ್ರಹಾಮ್ ಶಪಿರೊ ಅವರನ್ನು ಕೇಳಿದರು. ಅವರು ರಾತ್ರಿಯಿಡೀ ಗ್ರಂಥಗಳನ್ನು ತಿರುವಿಹಾಕಿ, ಒಂದು ಭಾಗವನ್ನಾದರೂ ಉಳಿಸಲು ಸಾಧ್ಯವಿದ್ದರೆ ಮುಖಂಡರು ಎದೆ ಗಟ್ಟಿ ಮಾಡಿಕೊಂಡು ಆ ಹೊಣೆಯನ್ನು ಹೊರಬೇಕು ಎಂದರು. ಅಕ್ಟೋಬರ್ 28ರಂದು ಜನ ಚೌಕದಲ್ಲಿ ಸೇರಿದರು. ಮರುದಿನ ಸುಮಾರು 9,200 ಜನರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಎರಡೂ ಊರುಗಳ ಯಾವ ರಬ್ಬಿಯನ್ನೂ ತಪ್ಪು ಎನ್ನುವ ಧೈರ್ಯ ನನಗಿಲ್ಲ. ಕನ್ನಡದಲ್ಲಿ ಇದಕ್ಕೆ ಧರ್ಮಸಂಕಟ ಎಂಬ ಪದವಿದೆ. ಆ ಪದವನ್ನು ನಾವು ಸಣ್ಣಪುಟ್ಟ ಪೇಚಾಟಗಳಿಗೂ ಬಳಸಿ ಸವೆಸಿದ್ದೇವೆ.

ಆಯ್ಕೆಯ ಕಳಂಕ ಕಾಸ್ಟ್ನರ್ ಒಬ್ಬರಿಗೇ ಅಂಟಿದ್ದೆಂದು ತಿಳಿದರೆ ತಪ್ಪಾಗುತ್ತದೆ. ಅದೇ ಬುಡಾಪೆಸ್ಟ್‌ನಲ್ಲಿ ಸ್ವಿಸ್ ಉಪ ಕಾನ್ಸುಲ್ ಕಾರ್ಲ್ ಲುಟ್ಸ್ ಇದ್ದರು. 8,000 ರಕ್ಷಣಾಪತ್ರಗಳಿಗೆ ಅವರಿಗೆ ಒಪ್ಪಿಗೆ ಸಿಕ್ಕಿತ್ತು. ಅವರು ಅದನ್ನು ಎಂಟು ಸಾವಿರ ಸಂಸಾರ ಎಂದು ಅರ್ಥ ಮಾಡಿಕೊಂಡು, ಅವವೇ ಸಂಖ್ಯೆಗಳನ್ನು ಮತ್ತೆ ಮತ್ತೆ ಬಳಸಿ ಹತ್ತಾರು ಸಾವಿರ ಜನರಿಗೆ ಪತ್ರ ಕೊಟ್ಟರು. ಯಹೂದಿ ತರುಣರು ಅದೇ ಪತ್ರದ ನಕಲಿ ಪ್ರತಿಗಳನ್ನು ರಾಶಿರಾಶಿಯಾಗಿ ತಯಾರಿಸಿದರು. ನಕಲಿಯೂ ಜೀವ ಉಳಿಸುತ್ತಿತ್ತು. ನವೆಂಬರ್ ಬಂತು. ಅಷ್ಟು ಹೊತ್ತಿಗೆ ಹಂಗೇರಿಯ ನಾಜಿಗಳು ಅಧಿಕಾರಕ್ಕೆ ಬಂದಿದ್ದರು, ಯಹೂದಿಗಳನ್ನು ಆಸ್ಟ್ರಿಯದ ಗಡಿಯತ್ತ ನಡೆಸಿಕೊಂಡು ಹೋಗುತ್ತಿದ್ದರು. ಓಬುಡಾದ ಇಟ್ಟಿಗೆ ಕಾರ್ಖಾನೆಯಲ್ಲಿ (ಮತ್ತೆ ಇಟ್ಟಿಗೆ ಕಾರ್ಖಾನೆ) ಜನರನ್ನು ಒಟ್ಟುಮಾಡಿ, ಲುಟ್ಸ್ ಮತ್ತು ಅವರ ಪತ್ನಿ ಗೆರ್ಟ್ರೂಡ್ ಅವರನ್ನು ಕರೆಸಿ, ಯಾವ ಪತ್ರ ಅಸಲಿ, ಯಾವುದು ನಕಲಿ ವಿಂಗಡಿಸಿ ಎಂದರು. ಒಪ್ಪದಿದ್ದರೆ ಅಸಲಿ ಪತ್ರಗಳಿಗೂ ಬೆಲೆ ಇರುವುದಿಲ್ಲ. ಚಳಿಯಲ್ಲಿ ನಡುಗುತ್ತ ಸಾಲಾಗಿ ನಿಂತ ಜನ ಒಬ್ಬೊಬ್ಬರಾಗಿ ಚಾಚಿದ ಹಾಳೆಗಳನ್ನು ದಂಪತಿ ನೋಡಿ ಬೇರೆ ಮಾಡಿದರು. ನಕಲಿ ಹಾಳೆ ಹಿಡಿದವರು ಆ ನಡಿಗೆಯ ಪಾಲಾದರು.

ಲುಟ್ಸ್ ಅವರನ್ನು ನರಮೇಧದ ನೆನಪನ್ನು ಕಾಪಿಡುವ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ 1964ರಲ್ಲಿ ಗೌರವಿಸಿತು. ಆ ಗೌರವ ಅವರಿಗೆ ಎಲ್ಲ ರೀತಿಯಿಂದಲೂ ಸಲ್ಲಬೇಕಾದದ್ದೇ. ಅದು ಯಹೂದಿಯಲ್ಲದವರಿಗೆ ಮಾತ್ರ ಮೀಸಲು, ಹಾಗಾಗಿ ಕಾಸ್ಟ್ನರ್ ಹೆಸರು ಅಲ್ಲಿ ಬರುವಂತೆಯೇ ಇಲ್ಲ. ಓಬುಡಾದ ಲುಟ್ಸ್ ಅವರನ್ನು ನೋಡಿ ನಮ್ಮ ಕರುಳು ಹಿಂಡುತ್ತದೆ. ಪಟ್ಟಿ ಹಿಡಿದ ಕಾಸ್ಟ್ನರ್ ಅವರನ್ನು ನೋಡಿ ಅನುಮಾನ ಹುಟ್ಟುತ್ತದೆ. ಹೊರಗಿನಿಂದ ಬಂದವನು ಒಬ್ಬನನ್ನು ಉಳಿಸಿದರೂ ಅದು ಕೊಡುಗೆ. ಒಳಗಿನವನು ಸಾವಿರ ಜನರನ್ನು ಉಳಿಸಿದರೂ ಬಿಟ್ಟುಹೋದವರ ಲೆಕ್ಕ ಅವನ ಹೆಗಲೇರುತ್ತದೆ.

ಆ ಲೆಕ್ಕದಲ್ಲಿ ರೈಲಿನಷ್ಟು ಹೆಸರು ಮಾಡದ ಇನ್ನೊಂದು ಬಾಬ್ತೂ ಇದೆ. ಸೆಗೆಡ್, ಡೆಬ್ರೆಟ್ಸೆನ್ ಮುಂತಾದ ಊರುಗಳ ಸುಮಾರು 15,000 ಯಹೂದಿಗಳನ್ನು ಆಶ್ವಿಟ್ಸ್ ಬದಲು ಆಸ್ಟ್ರಿಯದ ಸ್ಟ್ರಾಸ್‌ಹೋಫ್‌ಗೆ ದುಡಿಮೆಗೆ ಕಳಿಸಲಾಯಿತು. ವಿಯೆನ್ನಾಗೆ ಕೂಲಿಗಳು ಬೇಕಾಗಿದ್ದದ್ದು ಒಂದು ಕಾರಣ, ಕಾಸ್ಟ್ನರ್ ಮಾತುಕತೆ ಇನ್ನೊಂದು. ಅವರಲ್ಲಿ ಹೆಚ್ಚಿನವರು, ಮಕ್ಕಳೂ ಮುದುಕರೂ ಸೇರಿ, ಬದುಕುಳಿದರು.

ಇಷ್ಟೆಲ್ಲ ಅವರ ಪರವಾಗಿ ಹೇಳಿದ ಮೇಲೆ, ನನ್ನ ಸಹಾನುಭೂತಿ ನಿಂತುಹೋಗುವ ಜಾಗವನ್ನೂ ಹೇಳಬೇಕು. 1947ರ ಆಗಸ್ಟ್‌ನಲ್ಲಿ, ಯುದ್ಧ ಮುಗಿದು ಎರಡು ವರ್ಷವಾದ ಮೇಲೆ, ಕಾಸ್ಟ್ನರ್ ನಾಜಿಗಳ ವಿಚಾರಣೆ ನಡೆಯುತ್ತಿದ್ದ ನ್ಯೂರೆಂಬರ್ಗ್‌ನಲ್ಲಿ ಕುರ್ಟ್ ಬೆಖರ್ ಪರವಾಗಿ ಪ್ರಮಾಣಪತ್ರ ಬರೆದುಕೊಟ್ಟರು. ರೈಲಿನ ಜಾಗಗಳನ್ನು ಮಾರಿಕೊಂಡ, ಸೂಟ್‌ಕೇಸ್‌ಗಳನ್ನು ತೆಗೆದುಕೊಂಡ ಅದೇ ಬೆಖರ್. ಯಹೂದಿ ಸಂಸ್ಥೆಗಳ ಪರವಾಗಿಯೂ ಮಾತನಾಡುತ್ತಿದ್ದೇನೆ ಎಂದು ಅದರಲ್ಲಿ ಬರೆದರು. ನ್ಯಾಯಾಲಯದಲ್ಲಿ ತಮಿರ್ ಕೇಳಿದಾಗ ಮೊದಲು ನಿರಾಕರಿಸಿದರು. ನನ್ನ ಮಧ್ಯಸ್ಥಿಕೆಯಿಂದಲೇ ಬೆಖರ್ ಬಿಡುಗಡೆಯಾದ ಎಂದು ಅವರೇ 1948ರಲ್ಲಿ ಇಸ್ರೇಲಿನ ಹಣಕಾಸು ಸಚಿವರಿಗೆ ಬರೆದ ಪತ್ರ ಹೊರಬಿತ್ತು. ಆ ಕ್ಷಣದಿಂದ ಅವರ ಬಾಯಿಂದ ಬಂದ ನಿಜವನ್ನೂ ನಂಬುವವರಿಲ್ಲದಾಯಿತು. ಸುಪ್ರೀಂ ಕೋರ್ಟಿನ ಐವರೂ ಈ ಒಂದು ವಿಷಯದಲ್ಲಿ ಗ್ರೂನ್‌ವಾಲ್ಡ್ ಹೇಳಿದ್ದು ಸರಿ ಎಂದರು.

1944ರಲ್ಲಿ ಅವರು ಮಾಡಿದ್ದಕ್ಕೆಲ್ಲ ಕುತ್ತಿಗೆಯ ಮೇಲಿನ ಕಾಲು ಒಂದು ಕಾರಣವಾಗಿತ್ತು. 1947ರಲ್ಲಿ ಆ ಕಾಲು ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರೋ, ಕಳೆದುಹೋದ ಸೊತ್ತನ್ನು ಬೆಖರ್ ಮೂಲಕ ಮರಳಿ ಪಡೆಯುವ ಆಸೆಯಿತ್ತೋ, ತಿಂಗಳುಗಟ್ಟಲೆ ಎದುರು ಕೂತು ಬೇಡಿಕೊಂಡವನ ಮೇಲೆ ಒಂದು ಬಗೆಯ ಋಣಭಾವ ಬೆಳೆದುಬಿಟ್ಟಿತ್ತೋ, ಚರಿತ್ರಕಾರರು ಇವೆಲ್ಲವನ್ನೂ ಹೇಳಿದ್ದಾರೆ. ಯಾವ ಕಾರಣವೂ ನನಗೆ ಸಾಲದು. ಆ ಸಹಿ ಹಾಕುವಾಗ ಅವರು ಉಳಿಸುತ್ತಿದ್ದ ಜೀವ ಒಬ್ಬ ಎಸ್‌ಎಸ್ ಅಧಿಕಾರಿಯದು ಮಾತ್ರ. ಬೆಖರ್ ಬ್ರೆಮೆನ್‌ನಲ್ಲಿ ಧಾನ್ಯದ ವ್ಯಾಪಾರ ಮಾಡಿ ಶ್ರೀಮಂತನಾಗಿ 1995ರವರೆಗೆ ಬದುಕಿದ.

ರೈಲಿನವರು ಒಂದೇ ಬಾರಿಗೆ ಸ್ವಿಟ್ಜರ್ಲೆಂಡ್ ತಲುಪಲಿಲ್ಲ. ಅವರನ್ನು ಮೊದಲು ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ ಒಯ್ದು, ಆಗಸ್ಟ್‌ನಲ್ಲಿ 318 ಜನರನ್ನು ಬಿಟ್ಟು, ಉಳಿದವರನ್ನು ಡಿಸೆಂಬರ್‌ವರೆಗೆ ಇಟ್ಟುಕೊಂಡಿದ್ದರು. ಡಿಸೆಂಬರಿನ ಗುಂಪಿನಲ್ಲಿ ಸತ್ಮಾರ್ ಪಂಥದ ಗುರು ರಬ್ಬಿ ಯೋಯೆಲ್ ಟೈಟೆಲ್‌ಬಾಮ್ ಇದ್ದರು. ಜಯೋನಿಸ್ಟರನ್ನು ಕಡುವಾಗಿ ವಿರೋಧಿಸುತ್ತಿದ್ದ ಅವರ ಜೀವ ಉಳಿದದ್ದು ಜಯೋನಿಸ್ಟನೊಬ್ಬ ಚೌಕಾಸಿ ಮಾಡಿ ಪಡೆದ ರೈಲಿನಲ್ಲಿ. ಯುದ್ಧದ ನಂತರ ಅವರು ನ್ಯೂಯಾರ್ಕಿನಲ್ಲಿ ಪಂಥವನ್ನು ಮತ್ತೆ ಕಟ್ಟಿದರು. ಅವರು ಗಡಿ ದಾಟಿದ ದಿನ, ಹೀಬ್ರೂ ಪಂಚಾಂಗದ ಕಿಸ್ಲೇವ್ 21, ಪಂಥದವರಿಗೆ ಹಬ್ಬ. ಪ್ರತಿ ವರ್ಷ ಆ ರಾತ್ರಿ ಬ್ರೂಕ್ಲಿನ್‌ನಲ್ಲಿ ಸಾವಿರಾರು ಜನ ಉದ್ದನೆಯ ಮೇಜುಗಳ ಸುತ್ತ ಊಟಕ್ಕೆ ಕೂರುತ್ತಾರೆ.